ಓದುಗರ ಸ್ಪಂದನ: ‘ಊಟ’ ಅಂತಾನೆ, ಅಷ್ಟೇ

ಕಳೆದ ಸಂಚಿಕೆಯ ಸಮಸ್ಯೆ: ನನ್ನ ಮಗನಿಗೆ 13 ವರ್ಷ. ಡೌನ್ ಸಿಂಡ್ರೋಮ್ ಇದೆ (ಹುಟ್ಟಿನಿಂದಲೇ ಇರುವ, ಮಾತು, ಕಲಿಕೆ ನಿಧಾನವಾಗುವ ಸ್ಥಿತಿ). ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ. ಅವನ ಮಾತು ಮಾತ್ರ ಮನೆಯವರನ್ನು ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ‘ಸ್ಕೂಲಲ್ಲಿ ಏನಾಯ್ತು?’ ಎಂದರೆ ‘ಊಟ’ ಅಂತಾನೆ, ಅಷ್ಟೇ. ದಿನಾ ಡೈರಿ ಬರೆಸಿ ಎಂದು ಟೀಚರ್ ಹೇಳಿದ್ದಾರೆ. ಅವನಿಗೆ ಬರೆಯಲು ಬರುವುದೇ ನಾಲ್ಕೈದು ಪದ. ಸುಮ್ನೆ ಹಿಂಸೆ ಕೊಟ್ಟಂತಾಗುತ್ತದಾ?
– ಒಬ್ಬ ತಾಯಿ, ಹಾಸನ

ಅಕ್ಕಾ, ಬರೆಸಬೇಡಿ, ಅಂಟಿಸಿ. ನನ್ನ ಮಗಳಿಗೆ ಈಗ 17. ನಾನೂ ಮೊದಲು ಕೂರಿಸಿ ಬರೆಸಿದೆ. ತಪ್ಪು ಕಂಡಲ್ಲೆಲ್ಲ ಕೆಂಪು ಪೆನ್ನಲ್ಲಿ ಗೆರೆ ಎಳೆದೆ. ಎರಡನೇ ವಾರ ನೋಟ್‌ಬುಕ್ಕೇ ಮಾಯ. ತಿಂಗಳಾದ ಮೇಲೆ ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತು!

ಆಮೇಲೆ ದಪ್ಪ ಹಾಳೆಯ ದೊಡ್ಡ ಪುಸ್ತಕವನ್ನೂ ಒಂದು ಡಬ್ಬಿ ಗೋಂದನ್ನೂ ತಂದೆ. ದಿನಕ್ಕೆ ಒಂದೇ ವಸ್ತು ಅಂಟಿಸುವುದು. ಬಸ್ ಟಿಕೆಟ್, ಚಾಕೊಲೇಟ್ ಕಾಗದ, ಮಾರಿಜಾತ್ರೆಯಲ್ಲಿ ಬಳೆ ಸುತ್ತಿ ಕೊಟ್ಟ ಪೇಪರ್, ಏನಾದರೂ ಸರಿ. ಅವಳು ಒಂದು ಸಾಲು ಹೇಳುತ್ತಾಳೆ, ನಾನು ಬರೆಯುತ್ತೇನೆ. ಅವಳು ಕೆಳಗೆ ಹೆಸರು ಬರೆಯುತ್ತಾಳೆ.

ನಮ್ಮತ್ತೆ ಬಂದರೆ ‘ಹೇಗಿದ್ದೀಯ ಪುಟ್ಟಿ’ ಆದ ಮೇಲೆ ಇಬ್ಬರಿಗೂ ಮಾತೇ ಇರುತ್ತಿರಲಿಲ್ಲ. ಈಗ ಪುಸ್ತಕ ತೆರೆದು, ಟಿಕೆಟ್ ಕಂಡು ‘ಕಿಟಕಿ ಸೀಟು ಸಿಕ್ತಾ?’ ಎನ್ನುತ್ತಾರೆ. ಯಾವ ವಿಷಯ ಎಂದು ಗೊತ್ತಿದ್ದರೆ ತೊದಲು ಮಾತೂ ಅರ್ಧಕ್ಕರ್ಧ ತಿಳಿದುಬಿಡುತ್ತದೆ.

ಒಂದು ದಿನ ಬ್ಯಾಗಿನಿಂದ ಅವಳೇ ರಕ್ತದ ಕಲೆಯಿದ್ದ ಹತ್ತಿ ತೆಗೆದು ಅಂಟಿಸಿದಳು. ಆಮೇಲೆ ನಾನು ಮೊಣಕಾಲು ನೋಡಿದ್ದು. ಬಿದ್ದಿದ್ದಳು, ಸ್ಕೂಲಿನವರು ಹೇಳಿರಲಿಲ್ಲ. ಅವಳಾಗಿಯೇ ಮನೆಗೆ ತಂದ ಮೊದಲ ಸುದ್ದಿ ಅದು.
– ಇನ್ನೊಬ್ಬ ತಾಯಿ, ಸಾಗರ

ಟೀಚರ್ ಹೇಳಿದ್ದು ಸರಿಯೇ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ. ಬಾಯಿಯ ಸ್ನಾಯುಗಳು ಸಡಿಲ, ಹಾಗಾಗಿ ತಿಳಿದದ್ದನ್ನೂ ಆಡಿ ತೋರಿಸುವುದು ಕಷ್ಟ. ಕನ್ನಡದಲ್ಲಿ ಇನ್ನೊಂದು ತೊಡಕು. ನಮ್ಮ ಅರ್ಥವೆಲ್ಲ ಪದದ ಬಾಲದಲ್ಲಿರುತ್ತದೆ. ‘ಬಸ್ಸಲ್ಲಿ ಹೋದೆ’ ಎಂದಾಗ ಆ ‘ಅಲ್ಲಿ’ ಕಿವಿಯಿಂದ ಜಾರಿಹೋಗುತ್ತದೆ. ಮಗು ‘ಬಸ್ ಹೋದೆ’ ಎನ್ನುತ್ತದೆ. ಹಾಳೆಯ ಮೇಲಾದರೆ ಬಾಲ ಕಣ್ಣಿಗೆ ಕಾಣುತ್ತದೆ. ಅವನು ಹೇಳಿದ ಹಾಗೇ ಒಂದು ಸಾಲು ಬರೆಯಿರಿ. ಅದರ ಕೆಳಗೆ ಪೂರ್ತಿ ಸಾಲು ಬರೆದು ಇಬ್ಬರೂ ಒಟ್ಟಿಗೆ ಓದಿ. ಮೇಲಿನದಕ್ಕೆ ಕಾಟು ಹಾಕಬೇಡಿ. ವರ್ಣಮಾಲೆ, ಒತ್ತಕ್ಷರ ಮುಗಿಯಲಿ ಎಂದು ಕಾಯುವುದೂ ಬೇಡ. ‘ಅಮ್ಮ’, ‘ಬಸ್ಸು’ ಎಂಬುದನ್ನು ಇಡೀ ಪದವಾಗಿ, ಚಿತ್ರದ ಹಾಗೆ ಗುರುತು ಹಿಡಿಯುವ ಮಕ್ಕಳನ್ನು ಎಷ್ಟೋ ನೋಡಿದ್ದೇನೆ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ನಾವು ಮೂರಕ್ಕೇ ಬಾಯಿ ಹಾಕುತ್ತೇವೆ, ಅಲ್ವಾ?

ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಕಿವಿಯ ಪರದೆಯ ಹಿಂದೆ ನೀರು ತುಂಬಿ ಕೇಳಿಸುವುದು ಕಮ್ಮಿಯಾಗುವುದು ಈ ಮಕ್ಕಳಲ್ಲಿ ಜಾಸ್ತಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಕಿವಿ, ಮಾತು ಎರಡನ್ನೂ ಅಲ್ಲೇ ನೋಡುತ್ತಾರೆ. ನಿಮಗೇನೂ ದೂರವಲ್ಲ.
– ನಿವೃತ್ತ ವಿಶೇಷ ಶಿಕ್ಷಕಿ, ಮೈಸೂರು

ನನ್ನ ತಮ್ಮನಿಗೆ 26. ಪೆನ್ನು ಮುಟ್ಟುವುದಿಲ್ಲ, ಅವನ ಡೈರಿಯೆಲ್ಲ ಮೊಬೈಲಲ್ಲೇ. ದಿನಕ್ಕೆ ಎರಡು ಫೋಟೋ, ಜೊತೆಗೊಂದು ಪುಟ್ಟ ವಾಯ್ಸ್ ಮೆಸೇಜ್. ದುಬೈಯಲ್ಲಿರುವ ಅಕ್ಕನಿಗೆ ಕಳಿಸುತ್ತಾನೆ. ಅವಳು ಅದರ ಬಗ್ಗೆಯೇ ಕೇಳುತ್ತಾಳೆ, ಮಾತು ಬೆಳೆಯುತ್ತದೆ.

ನನ್ನದು ಒಂದೇ ವಿನಂತಿ. ಆ ಡೈರಿ ನಿಮ್ಮ ಮಗನದು. ಮನೆಗೆ ಬಂದವರಿಗೆಲ್ಲ ತೆರೆದು ತೋರಿಸಬೇಡಿ, ಅವನನ್ನು ಕೇಳಿ ನೋಡಿ. ನಾನು ತಮ್ಮನದನ್ನು ಕೇಳದೇ ನೋಡಿದ್ದಕ್ಕೆ ಮೂರು ದಿನ ಅದರಲ್ಲಿ ನನ್ನ ಫೋಟೋವೇ ಇರಲಿಲ್ಲ. ನಾಲ್ಕನೇ ದಿನ ಬಂತು, ತಲೆ ಇಲ್ಲದ್ದು.
– ಒಬ್ಬ ಅಣ್ಣ, ಮಂಗಳೂರು