ಮೊದಲು ಬಿದಿರಿನ ಲೇತ್ ಮಾಡು, ಚಕ್ರ ಆಮೇಲೆ

ಪುಟ್ಟು, ಅಜ್ಜಿಯ ಹಳೇ ಹೊಲಿಗೆ ಮಷಿನ್ ಸ್ಟ್ಯಾಂಡಿನ ಫೋಟೋ ಹಾಕಿ, ಇದರ ಪೆಡಲ್‌ನಲ್ಲಿ ಮರ ಕಡೆಯುವ ಲೇತ್ ಆಗುತ್ತಾ ಮಾವ, ಇಲ್ಲ ಮೋಟಾರೇ ಹಾಕಲಾ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಆಗುತ್ತದೆ. ಆದರೆ ಪೆಡಲ್ ತಿರುಗಿಸುವ ಆ ಚಕ್ರ ಸೂಜಿ ಓಡಿಸೋಕೆ ಮಾಡಿದ್ದು, ಹಗುರ. ಬುಗುರಿಯಂಥ ಸಣ್ಣ ಕೆಲಸ ನಡೆಯುತ್ತದೆ. ಲಟ್ಟಣಿಗೆ ದಪ್ಪದ ಮರಕ್ಕೆ ಉಳಿ ಕೊಟ್ಟರೆ ನಿಂತೇ ಹೋಗುತ್ತದೆ. ಚಕ್ರದ ಅಂಚಿನಲ್ಲಿ ಭಾರ ಇದ್ದರೆ ಮಾತ್ರ ತುಳಿದ ಬಲ ಉಳಿಯುತ್ತದೆ. ಅಂಥದ್ದು ಮಾಡೋದು ದೊಡ್ಡ ಕೆಲಸ.

ಅದಕ್ಕೇ ಮೊದಲು ಬಿದಿರಿನ ಗಳದ ಲೇತ್ ಮಾಡು. ನಿಮ್ಮ ಮಂಡ್ಯ ಮನೆಯ ಹಿತ್ತಲಲ್ಲಿ ಜಾಗ ಇದೆಯಲ್ವಾ? ಗಳದ ಬುಡವನ್ನು ಬಿಗಿಯಾಗಿ ಕಟ್ಟಿ, ತುದಿ ನಿನ್ನ ತಲೆ ಮೇಲೆ ಬರೋ ಹಾಗೆ ನಿಲ್ಲಿಸು. ತುದಿಯಿಂದ ಹಗ್ಗ ಇಳಿಸಿ, ಮರದ ತುಂಡಿಗೆ ಎರಡು ಸುತ್ತು ಸುತ್ತಿ, ಕೆಳಗೆ ತುಳಿಯುವ ಹಲಗೆಗೆ ಕಟ್ಟು. ತುಳಿದಾಗ ಮರದ ಮೇಲ್ಭಾಗ ನಿನ್ನ ಕಡೆಗೆ ತಿರುಗಬೇಕು. ಕಾಲು ಎತ್ತಿದರೆ ಬಿದಿರು ಹಗ್ಗವನ್ನು ವಾಪಸ್ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಚಿಲ್ಟರ್ನ್ ಕಾಡುಗಳಲ್ಲಿ 20ನೇ ಶತಮಾನದಲ್ಲೂ ಕುರ್ಚಿ ಕಾಲು ಕಡೆದಿದ್ದು ಇಂಥದ್ದರಲ್ಲೇ. ನಮ್ಮ ಚನ್ನಪಟ್ಟಣದಲ್ಲೂ ಮೋಟಾರ್ ಬರೋಕೆ ಮುಂಚೆ ಬಿಲ್ಲಿನ ಹಗ್ಗ ಸುತ್ತಿ ಎಳೆದೇ ಬೊಂಬೆ ಮರ ತಿರುಗಿಸುತ್ತಿದ್ದರು.

ಇಡೀ ಲೇತ್ ಗಟ್ಟಿ ನಿಲ್ಲೋದು ಅದರ ಅಡಿಗಟ್ಟಿನ ಮೇಲೆ. ಅಲ್ಲಿ ಉಳಿತಾಯ ಮಾಡಬೇಡ. ಎರಡು ದಪ್ಪ ತೊಲೆ ಅಕ್ಕಪಕ್ಕ ಇಟ್ಟು, ನಡುವಿನ ಸಂದಿಗೆ ಎರಡು ಗೂಟ ಇಳಿಸಿ, ಕೆಳಗಿಂದ ಬೆಣೆ ಹೊಡೆದು ಬಿಗಿ ಮಾಡು. ಗೂಟಕ್ಕೆ ಒಂದೊಂದು ಬೋಲ್ಟ್, ತುದಿ ಚೂಪು ಮಾಡಿ ಎದುರುಬದುರು; ಮರದ ತುಂಡು ಈ ಎರಡು ತುದಿಗಳ ನಡುವೆ ಕೂತು ತಿರುಗುತ್ತದೆ. ಆ ತುದಿಗಳ ಎತ್ತರ ನಿನ್ನ ಮೊಣಕೈ ಮಟ್ಟಕ್ಕೆ ಬರಲಿ, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ. ಮರ ಕೂರುವ ಜಾಗಕ್ಕೆ ಒಂದು ತೊಟ್ಟು ಹರಳೆಣ್ಣೆ. ಲೇತ್ ಅಲ್ಲಾಡಿದರೆ ಕೆಳಗೆ ಮರಳು ಚೀಲ ಇಡು. ಉಳಿ ಆನಿಸುವ ಹಲಗೆ ಮರಕ್ಕೆ ಆದಷ್ಟು ಹತ್ತಿರ ಇರಬೇಕು.

ಒಣಗಿದ ತೇಗ ತರಬೇಡ. ಹಸಿ ಮರ ಬೆಣ್ಣೆಯ ಹಾಗೆ ಬಿಡುತ್ತದೆ. ಉಳಿ ಹರಿತ ಇದ್ದರೆ ತುಳಿದಷ್ಟು ಹೊತ್ತೂ ಉದ್ದನೆ ತೇವದ ಸುರುಳಿ ಎದ್ದು ಕೈ ಮೇಲೆ ಬೀಳುತ್ತಿರುತ್ತದೆ. ತುಳಿಯುವಾಗ ಉಳಿ ಮುಂದೆ, ಬಿಡುವಾಗ ಕೂದಲೆಳೆಯಷ್ಟು ಹಿಂದೆ. ಕಾಲಿಗೂ ಕೈಗೂ ಈ ಹೊಂದಾಣಿಕೆ ಬೇಗ ಬರುತ್ತದೆ. ಹಸಿ ಮರ ಒಣಗಿದ ಮೇಲೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಲಟ್ಟಣಿಗೆ ಮಾಡೋದಾದರೆ ಒಣಗಿಸಿ ಇನ್ನೊಂದು ಸಲ ಕಡೆ.

ಮೋಟಾರ್ ಈಗಲೇ ಬೇಡ ಅನ್ನೋಕೆ ಕಾರಣ ಇದೆ. ಉಳಿ ಮರಕ್ಕೆ ಕಚ್ಚಿಕೊಂಡರೆ ಇಲ್ಲಿ ನಿನ್ನ ಕಾಲು ನಿಲ್ಲುತ್ತದೆ, ಅಷ್ಟೇ. ಮೋಟಾರಾದರೆ ಉಳಿಯನ್ನೇ ಕಿತ್ತು ಎಸೆಯುತ್ತದೆ. ಕಲಿಯುವವನಿಗೆ ಅದು ಅಪಾಯ.

ಗಳ ಸಿಗದಿದ್ದರೆ ಬೈಕಿಗೆ ಲಗೇಜ್ ಕಟ್ಟುವ ರಬ್ಬರ್ ಹಗ್ಗವೂ ನಡೆಯುತ್ತದೆ. ತೊಲೆ ಕೊಳ್ಳೋಕೆ ಮುಂಚೆ ಅಳತೆ ಬರೆದು ಗ್ರೂಪಿಗೆ ಹಾಕು, ನೋಡಿ ಹೇಳುತ್ತೇನೆ. ಉಳಿ ಸಾಣೆ ಹಿಡಿಯೋದು ಮೈಸೂರಿಗೆ ಬಂದಾಗ ಕೈ ಹಿಡಿದೇ ಕಲಿಸಬೇಕು, ಅದು ಫೋನಲ್ಲಿ ಆಗೋದಲ್ಲ.