ಅತ್ತೆ ಮೊದಲ ಸಲ ಸಮುದ್ರ ನೋಡಲಿದ್ದಾರೆ: ಉಡುಪಿಯಲ್ಲಿ ಮೂರು ದಿನ ಹೇಗೆ ಹೊಂದಿಸಲಿ?

ಮೈಸೂರಿನ ಸೊಸೆ

ಡಿಸೆಂಬರ್ ರಜೆಯಲ್ಲಿ ಮೂರು ದಿನಕ್ಕೆಂದು ಮೈಸೂರಿನಿಂದ ಕಾರಿನಲ್ಲಿ ಹೊರಟಿದ್ದೇವೆ. ನಾನು, ಯಜಮಾನರು, ಹತ್ತನೇ ತರಗತಿಯ ಮಗಳು, ಐದು ವರ್ಷದ ಮಗ ಮತ್ತು 78 ವರ್ಷದ ಅತ್ತೆ. ಅತ್ತೆಗೆ ಎರಡೂ ಮಂಡಿ ನೋವು. ಸಮತಟ್ಟಾದ ಜಾಗದಲ್ಲಿ ಕೋಲೂರಿ ನಡೆಯುತ್ತಾರೆ, ಮೆಟ್ಟಿಲು ಹತ್ತಲಾಗುವುದಿಲ್ಲ. ಮಗನಿಗೆ ಘಾಟಿಯಲ್ಲಿ ವಾಂತಿ.

ಅತ್ತೆ ಈವರೆಗೆ ಸಮುದ್ರವನ್ನೇ ನೋಡಿಲ್ಲ. ಮಾವ ಇದ್ದಾಗ ಪ್ರತಿ ವರ್ಷವೂ ಹೋಗೋಣ ಎನ್ನುತ್ತಿದ್ದರಂತೆ. ಕೊಯ್ಲು, ಹಸು, ಮಕ್ಕಳ ಓದು ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಈ ಸಲ ತಪ್ಪಬಾರದೆಂದು ಹಟ ಹಿಡಿದವಳು ನಾನೇ.

ಮೊದಲ ದಿನ ಮಂಗಳೂರಿನ ಕದ್ರಿ, ಕುದ್ರೋಳಿ, ಪಣಂಬೂರು ನೋಡಿ ಅಲ್ಲೇ ವಾಸ್ತವ್ಯ. ಎರಡನೆಯ ದಿನ ಕಾಪು, ಕೃಷ್ಣಮಠ, ಮಲ್ಪೆ, ಸೇಂಟ್ ಮೇರಿಸ್ ದ್ವೀಪ. ಮೂರನೆಯ ದಿನ ಮರವಂತೆ, ಮುರ್ಡೇಶ್ವರ ಮುಗಿಸಿ ವಾಪಸು. ಇದು ಸಾಧ್ಯವೇ? ಊರಿನವರು ದಯವಿಟ್ಟು ಹೇಳಿ.

ಪುತ್ತೂರಿನಿಂದ

ದಾರಿಯ ವಿಷಯವನ್ನಷ್ಟೇ ಹೇಳುತ್ತೇನೆ. ನೀವು ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಮಾರ್ಗವಾಗಿ ಬರುವವರು. ಬೆಳಗ್ಗೆ ಐದಕ್ಕೆ ಹೊರಡಿ. ಕುಶಾಲನಗರದಲ್ಲಿ ಮಗನಿಗೆ ಎರಡೇ ಇಡ್ಲಿ ಸಾಕು, ಹಾಲು ಬೇಡ. ಮಡಿಕೇರಿಯಿಂದ ಸಂಪಾಜೆಯವರೆಗಿನ ಇಳಿಜಾರಿನಲ್ಲಿ ಹುಡುಗನ ಕೈಗೆ ಮೊಬೈಲ್ ಕೊಡಲೇಬೇಡಿ. ತಲೆ ಬಗ್ಗಿಸಿ ನೋಡುತ್ತಾ ಕುಳಿತರೆ ಮೂರನೆಯ ತಿರುವಿಗೇ ಹೊಟ್ಟೆ ತೊಳಸುತ್ತದೆ. ಗಾಜು ಇಳಿಸಿ, ದೂರದ ಮರ ತೋರಿಸುತ್ತಾ ಬನ್ನಿ. ಸುಳ್ಯ ತಲುಪಿದ ಮೇಲೆ ಕಾಲು ಗಂಟೆ ನಿಲ್ಲಿಸಿ. ಅಜ್ಜಿಯ ಮಂಡಿಗೂ ಅದು ಬೇಕು.

ಕಟಪಾಡಿಯ ಮನೆಯವಳು

ನಿಮ್ಮ ಪಟ್ಟಿ ನೋಡಿ ಎದೆ ಝಲ್ಲೆಂದಿತು. ದಯವಿಟ್ಟು ಅರ್ಧ ಹೊಡೆದುಹಾಕಿ. ಮೈಸೂರಿನಿಂದ ಇಲ್ಲಿಗೇ 300 ಕಿ.ಮೀ. ದಾಟುತ್ತದೆ. ಮುರ್ಡೇಶ್ವರ ಉಡುಪಿಯಿಂದ ಮತ್ತೆ ಸುಮಾರು 100 ಕಿ.ಮೀ. ಬಡಗಿಗೆ, ನಿಮ್ಮ ಊರಿನ ದಿಕ್ಕಿಗೆ ತೀರಾ ವಿರುದ್ಧ. ಮೂರನೆಯ ದಿನ ಅಲ್ಲಿಗೆ ಹೋಗಿ ಅಂದೇ ಮನೆ ಸೇರುವ ಮಾತನ್ನು ಬಿಟ್ಟುಬಿಡಿ. ಮಂಗಳೂರಿನಲ್ಲಿ ಒಂದು ರಾತ್ರಿ, ಉಡುಪಿಯಲ್ಲಿ ಇನ್ನೊಂದು ಎಂದು ಗಂಟುಮೂಟೆ ಬಿಚ್ಚಿ ಕಟ್ಟುವುದೂ ಬೇಡ. ಎರಡೂ ರಾತ್ರಿ ಉಡುಪಿಯಲ್ಲೇ ಇರಿ. ಕೋಣೆ ನೆಲಮಹಡಿಯಲ್ಲಿರಲಿ, ಇಲ್ಲವಾದರೆ ಲಿಫ್ಟ್ ಇದೆಯೇ, ಕಮೋಡ್ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ.

ಇಲ್ಲಿ ಡಿಸೆಂಬರ್ ಎಂದರೆ ನಿಮ್ಮ ಊರಿನ ಚಳಿಯಲ್ಲ. ಹನ್ನೊಂದರ ಮೇಲೆ ಸೆಕೆ, ಹೊಯಿಗೆ (ಮರಳು) ಕಾಲು ಸುಡುತ್ತದೆ. ಕಡಲಿಗೆ ಬೆಳಗ್ಗೆ ಹೋಗಿ, ಇಲ್ಲವೇ ನಾಲ್ಕರ ಮೇಲೆ. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ. ಮಗು, ಅಜ್ಜಿ ಇಬ್ಬರೂ ಮಲಗಿ ಎದ್ದರೆ ಸಂಜೆ ಎಲ್ಲರಿಗೂ ಹಿತ.

ಮಠಕ್ಕೆ ಬೆಳಗ್ಗೆ ಬೇಗ ಹೋಗಿ. ಡಿಸೆಂಬರ್‌ನಲ್ಲಿ ರಾಜ್ಯದ ಎಲ್ಲ ಶಾಲೆಗಳ ಪ್ರವಾಸದ ಬಸ್ಸುಗಳೂ ಉಡುಪಿಗೇ ಬರುತ್ತವೆ. ಕನಕನ ಕಿಂಡಿ ಹೊರಗಿನಿಂದಲೇ ಸಿಗುತ್ತದೆ. ಒಳಗೆ ನೂಕುನುಗ್ಗಲಿದ್ದರೆ ಅತ್ತೆಯವರು ಅಲ್ಲಿಂದಲೇ ಕಣ್ತುಂಬಿಕೊಳ್ಳಲಿ. ಒಳಗೆ ಹೋಗುವ ಗಂಡಸರು ಅಂಗಿ ತೆಗೆಯಬೇಕು ಎಂದು ಯಜಮಾನರಿಗೆ ಮೊದಲೇ ಹೇಳಿಡಿ.

ದ್ವೀಪಕ್ಕೆ ಅತ್ತೆಯವರನ್ನು ಕರೆದೊಯ್ಯಬೇಡಿ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ದೊಡ್ಡಮ್ಮ ಹಟ ಮಾಡಿದರು, ನಾವೂ ಹ್ಞೂಂ ಎಂದೆವು. ದೋಣಿಯಿಂದ ಇಳಿಯುವಾಗ ಅಲೆಗೆ ದೋಣಿ ಒಂದು ಮೊಳ ಮೇಲೆದ್ದಿತು. ಅವರ ಕಾಲು ಅರ್ಧದಲ್ಲೇ ನಿಂತಿತು. ಇಬ್ಬರು ಹುಡುಗರು ತೋಳು ಹಿಡಿಯದಿದ್ದರೆ ಸೊಂಟವೇ ಹೋಗುತ್ತಿತ್ತು. ದ್ವೀಪದಲ್ಲಿ ತೆಂಗಿನ ಮರಗಳ ಬುಡ ಬಿಟ್ಟರೆ ನೆರಳೂ ಇಲ್ಲ. ನಿಮ್ಮ ಮಗಳನ್ನು ಮಾತ್ರ ಕರೆದುಕೊಂಡು ಹೋಗಲೇಬೇಕು. ಲಾವಾ ಆರುತ್ತಾ ಬಿರುಕುಬಿಟ್ಟು ನಿಂತ ಕಂಬಗಳು, ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದವು. ಪುಸ್ತಕದಲ್ಲಿ ಓದಿದ್ದನ್ನು ಕೈಯಲ್ಲಿ ಮುಟ್ಟಿ ನೋಡಲಿ. ಅವಳೂ ಅಪ್ಪನೂ ಎರಡನೆಯ ದಿನ ಬೆಳಗಿನ ದೋಣಿ ಹಿಡಿಯಲಿ. ನೀವು ಮೂವರು ಮಲ್ಪೆಯಲ್ಲೇ ಕುಳಿತಿರಿ, ಬೊಂಡ ಕುಡಿಯುತ್ತಾ. ಬೊಂಡ ಎಂದರೆ ಇಲ್ಲಿ ಎಳನೀರು.

ಆ ದಿನ ಸಂಜೆ ಕಾಪು. ದೀಪಸ್ತಂಭ 1901ರದ್ದು, ಬಂಡೆಯ ಮೇಲಿದೆ. ಹತ್ತುವವರು ಹತ್ತಲಿ, ಅತ್ತೆಯವರು ಕೆಳಗಿದ್ದೇ ನೋಡಲಿ. ಮರವಂತೆ ಈ ಸಲ ಬೇಡ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ, ಚೆಂದವೇ ಹೌದು. ಆದರೆ ಕುಂದಾಪುರ ದಾಟಿ ಹೋಗಿಬರಲು ಅರ್ಧ ದಿನ ಬೇಕು.

ಮೈಸೂರಿನ ಸೊಸೆ

ಅಕ್ಕ, ಇಷ್ಟು ಬರೆದಿದ್ದಕ್ಕೆ ಏನು ಹೇಳಲಿ. ಯಜಮಾನರಿಗೂ ಓದಿ ಹೇಳಿದೆ, ಮುರ್ಡೇಶ್ವರ ಬಿಟ್ಟೆವು. ಅತ್ತೆಗೆ ಒಂದೇ ಆಸೆ, ಸಮುದ್ರದ ನೀರಿನಲ್ಲಿ ಕಾಲಿಡಬೇಕು. ಅಷ್ಟು ದೂರ ಮರಳಲ್ಲಿ ನಡೆಸುವುದು ಹೇಗೆ? ಇನ್ನೊಂದು, ಅವರು ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ.

ಕಟಪಾಡಿಯ ಮನೆಯವಳು

ಊಟದ ಚಿಂತೆ ಬಿಡಿ. ಮಧ್ಯಾಹ್ನ ಮಠದ ಊಟವೇ ಇದೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು.

ಕಾಲು ನೆನೆಸಲು ಮಲ್ಪೆ ಬೇಡ. ಅಲ್ಲಿ ಜನ ಹೆಚ್ಚು, ಹೊಯಿಗೆಯ ಹರವೂ ಹೆಚ್ಚು. ನಮ್ಮ ಮಟ್ಟುವಿಗೆ ಬನ್ನಿ, ಗುಳ್ಳ ಬದನೆಯ ಊರು. ಕಟಪಾಡಿಯಲ್ಲಿ ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ಸೇತುವೆ ದಾಟಿ ಕಡಲ ಬದಿಯ ರಸ್ತೆಗೇ ಸೇರುತ್ತೀರಿ. ಕಾರಿನಲ್ಲಿ ಕುಳಿತೇ ಅಲೆ ಕಾಣುತ್ತದೆ. ಕಲ್ಲು ಹಾಕಿರದ, ಇಳಿಜಾರು ಕಡಿಮೆ ಇರುವ ಕಡೆ ನೋಡಿ ನಿಲ್ಲಿಸಿ. ಮೊದಲ ದಿನವೇ, ಐದರ ಸುಮಾರಿಗೆ ಬನ್ನಿ.

ಮನೆಯಿಂದ ಕೈ ಇರುವ ಪ್ಲಾಸ್ಟಿಕ್ ಕುರ್ಚಿ ತನ್ನಿ. ಒಂದು ಹಲಗೆಯನ್ನೂ ತನ್ನಿ, ಇಲ್ಲವಾದರೆ ಕುರ್ಚಿಯ ಕಾಲು ಹೊಯಿಗೆಯಲ್ಲಿ ಹೂತು ಒಂದು ಕಡೆಗೆ ವಾಲುತ್ತದೆ. ಅಲೆ ಬಂದು ಪಾದ ಮುಟ್ಟಿ ಹೋಗುವ ಕೊನೆಯ ಗೆರೆಯಲ್ಲಿ ಹಲಗೆ ಹಾಕಿ ಅದರ ಮೇಲೆ ಕುರ್ಚಿ ಇಡಿ. ನಿಲ್ಲಿಸಬೇಡಿ. ಅಲೆ ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಹೊಯಿಗೆ ಸರಸರನೆ ಜಾರುತ್ತದೆ. ಕೆಳಗೆ ನೋಡುತ್ತಿದ್ದರೆ ತಾವೇ ಕಡಲೊಳಗೆ ಹೋಗುತ್ತಿರುವಂತೆ ತಲೆ ಸುತ್ತುತ್ತದೆ. ಹೊಸಬರಿಗೆ ಎಲ್ಲರಿಗೂ ಹೀಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿ. ದೂರಕ್ಕೆ, ದೋಣಿಗಳ ಕಡೆಗೆ ನೋಡಲಿ. ಕುರ್ಚಿಯ ಹಿಂದೆ ಯಜಮಾನರು ನಿಂತಿರಲಿ. ಮಗನ ಕೈ ನಿಮ್ಮ ಕೈಯಲ್ಲೇ ಇರಲಿ, ಮೊಣಕಾಲುದ್ದ ನೀರಿಗೂ ಒಬ್ಬನನ್ನೇ ಬಿಡಬೇಡಿ, ಸೆಳೆತವಿದೆ.

ಕಾಲು ತೊಳೆಯಲು ಎರಡು ಬಾಟಲಿ ಸಿಹಿನೀರು, ಒಂದು ಹಳೆಯ ಟವೆಲ್. ಅತ್ತೆಯವರ ಸೀರೆ ನೂಲಿನದು ಬೇಡ, ತೆಳುವಾದ ಸಿಂಥೆಟಿಕ್ ಇರಲಿ, ಒದ್ದೆಯಾದರೂ ಗಾಳಿಗೆ ಬೇಗ ಒಣಗುತ್ತದೆ. ಹೊತ್ತು ಮುಳುಗುವವರೆಗೆ ಅವರನ್ನು ಎಬ್ಬಿಸಬೇಡಿ.