ಪದವಿಯ ಮೊದಲ ಸೆಮಿಸ್ಟರಿನ ಬೀಜಗಣಿತ: ಮೊದಲ ದಿನ ತರಗತಿಗೆ ಯಾವ ನಿಯಮ ಹೇಳಬೇಕು?

ಕೇಳಿದವರು: ಕಾರವಾರದ ಅತಿಥಿ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರದಿಂದ ನಾನು ಬಿ.ಎಸ್ಸಿ. ಮೊದಲ ಸೆಮಿಸ್ಟರಿಗೆ ಬೀಜಗಣಿತ ಕಲಿಸಲಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವುದು ಇದೇ ಮೊದಲು. ತರಗತಿಯಲ್ಲಿ 46 ವಿದ್ಯಾರ್ಥಿಗಳಿದ್ದಾರೆ. ಅರ್ಧಕ್ಕಿಂತ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಮಾಜಾಳಿ, ಸದಾಶಿವಗಡ, ಕದ್ರಾ, ಅಂಕೋಲಾ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವವರು. ಹಾಜರಾತಿ, ಮನೆಗೆಲಸದ ಲೆಕ್ಕ, ತಪ್ಪಿದ ಕಿರುಪರೀಕ್ಷೆ, ಕ್ಯಾಲ್ಕುಲೇಟರ್, ಮೊಬೈಲ್ ಇವುಗಳ ಬಗ್ಗೆ ಮೊದಲ ದಿನವೇ ಏನು ಹೇಳಬೇಕು, ಯಾವುದರಲ್ಲಿ ಬಿಗಿಯಾಗಿರಬೇಕು, ಯಾವುದರಲ್ಲಿ ಸಡಿಲ ಬಿಡಬೇಕು ಎಂಬುದು ನನಗೆ ತಿಳಿಯುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ಹೇಳಬೇಕು.

ಕುಮಟಾದ ನಿವೃತ್ತ ಗಣಿತ ಪ್ರಾಧ್ಯಾಪಕರು

ಮೇಡಂ, ಪಾಠ ಶುರುವಾಗುವ ಮೊದಲೇ ಈ ಪ್ರಶ್ನೆ ಕೇಳಿದ್ದೀರಿ, ಅದು ಒಳ್ಳೆಯದಾಯಿತು. ನಾನು ಇದನ್ನು ಕೇಳಿಕೊಂಡದ್ದು ಒಂದು ತಪ್ಪು ಮಾಡಿದ ಮೇಲೆ. ನನ್ನ ಆರಂಭದ ವರ್ಷಗಳಲ್ಲಿ ಒಮ್ಮೆ, ಮನೆಗೆಲಸಕ್ಕೆ ಅಂಕವಿಲ್ಲ ಎಂದು ಜುಲೈಯಲ್ಲಿ ಹೇಳಿ, ಯಾರೂ ಲೆಕ್ಕ ಬಿಡಿಸಿ ತರುತ್ತಿಲ್ಲವೆಂದು ಸೆಪ್ಟೆಂಬರಿನಲ್ಲಿ ಅದಕ್ಕೆ ಅಂಕವಿದೆ ಎಂದು ಬದಲಿಸಿದೆ. ಅಲ್ಲಿಯವರೆಗೆ ನನ್ನ ಮಾತನ್ನು ನಂಬಿ ಬೇರೆ ವಿಷಯಗಳಿಗೆ ಸಮಯ ಕೊಟ್ಟಿದ್ದ ಮಕ್ಕಳಿಗೇ ಅಂಕ ಹೋಯಿತು. ಆ ತಂಡ ನನ್ನ ಯಾವ ಮಾತನ್ನೂ ಅನಂತರ ಪೂರ್ತಿಯಾಗಿ ನಂಬಲಿಲ್ಲ, ಮತ್ತು ಅದರಲ್ಲಿ ಅವರ ತಪ್ಪಿರಲಿಲ್ಲ. ಆದ್ದರಿಂದ ನಿಯಮಗಳು ಕಡಿಮೆಯಿರಲಿ, ಒಂದೇ ಹಾಳೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದಿರಲಿ, ಮೊದಲ ದಿನ ಗಟ್ಟಿಯಾಗಿ ಓದಿ ಪ್ರತಿಯೊಂದಕ್ಕೂ ಕಾರಣ ಹೇಳಿರಿ, ಸೆಮಿಸ್ಟರ್ ಮುಗಿಯುವವರೆಗೆ ಒಂದಕ್ಷರವನ್ನೂ ಮಕ್ಕಳಿಗೆ ನಷ್ಟವಾಗುವಂತೆ ಬದಲಿಸಬೇಡಿರಿ.

ಅಂಕಗಳ ಒಟ್ಟು ಹಂಚಿಕೆ ನಿಮ್ಮ ಕೈಯಲ್ಲಿಲ್ಲ. 2021ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಇದ್ದಾಗ ಕೊನೆಯ ಪರೀಕ್ಷೆಗೆ 60, ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕಕ್ಕೆ 40 ಇತ್ತು. 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ ಮೇಲೆ 80 ಮತ್ತು 20 ಆಯಿತು. ಆಂತರಿಕ ಅಂಕ ಅರ್ಧಕ್ಕೆ ಇಳಿದಿರುವುದರಿಂದ, ಹಿರಿಯ ವಿದ್ಯಾರ್ಥಿಗಳು ಹೇಳಿದ ಹಳೆಯ ಲೆಕ್ಕವನ್ನೇ ನಂಬಿಕೊಂಡು ಕೊನೆಯ ಪರೀಕ್ಷೆಯನ್ನು ಹಗುರವಾಗಿ ಕಾಣುವವರು ಇನ್ನೂ ಇರಬಹುದು. ಇದನ್ನು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿರಿ.

ಹಾಜರಾತಿಯನ್ನು ಶೇಕಡಾವಾರಿನಲ್ಲಿ ಹೇಳಬೇಡಿರಿ, ತಾಸಿನ ಲೆಕ್ಕದಲ್ಲಿ ಹೇಳಿರಿ. ಶೇಕಡಾ 75 ಎಂದರೆ ಅದು ಎಲ್ಲೋ ದೂರದ ಮಾತಿನಂತೆ ಕೇಳುತ್ತದೆ. 56 ತಾಸಿನ ಪಾಠದಲ್ಲಿ 42 ತಾಸು ಕುಳಿತಿರಬೇಕು, ತಪ್ಪಬಹುದಾದದ್ದು 14 ಮಾತ್ರ ಎಂದರೆ ಪ್ರತಿಯೊಬ್ಬರೂ ತಮ್ಮ ಲೆಕ್ಕ ತಾವೇ ಇಡುತ್ತಾರೆ. ಆ 14ನ್ನು ಮಳೆಗಾಲಕ್ಕೆ ಉಳಿಸಿಟ್ಟುಕೊಳ್ಳಲು ಹೇಳಿರಿ. ನಮ್ಮ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಮಳೆ ರಜೆ ಅನೇಕ ಸಲ ಶಾಲೆ ಮತ್ತು ಪಿಯು ಕಾಲೇಜುಗಳಿಗೆ ಮಾತ್ರ ಇರುತ್ತದೆ, ಪದವಿಗೆ ಇರುವುದಿಲ್ಲ. ಕೆಲವು ಸಲ ಒಂದು ತಾಲೂಕಿಗೆ ಇದ್ದು ಪಕ್ಕದ ತಾಲೂಕಿಗೆ ಇರುವುದಿಲ್ಲ. ಆಗ ಕಾಲೇಜು ತೆರೆದಿರುತ್ತದೆ, ಮಕ್ಕಳಿಗೆ ಬಸ್ಸಿಲ್ಲ. ನಾನು ನಿವೃತ್ತನಾಗುವ ಹಿಂದಿನ ವರ್ಷ, 2024ರ ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತ್ತು. ಮೂರು ವಾರದ ಅನಂತರ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಶಿರೂರಿನ ಆಚೆಬದಿಯಿಂದ ಬರುತ್ತಿದ್ದ ನನ್ನ ಮಕ್ಕಳನ್ನು ಗೈರುಹಾಜರಿ ಎಂದು ಬರೆಯುವಾಗ ನನಗೆ ಬಹಳ ಸಂಕಟವಾಯಿತು. ನಿಯಮದ ಹಾಳೆಯಲ್ಲಿ ಒಂದು ಸಾಲು ಸೇರಿಸಿರಿ: ರಸ್ತೆ ಮುಚ್ಚಿದ ದಿನ ಬರಲಾಗದವರು ಅಂದೇ ಸಂದೇಶ ಕಳಿಸಲಿ, ಆ ದಿನಗಳ ಪಟ್ಟಿಯನ್ನು ನೀವು ಬೇರೆಯಾಗಿ ಇಟ್ಟು ಪ್ರಾಂಶುಪಾಲರಿಗೆ ಆಗಿಂದಾಗ ತೋರಿಸಿರಿ. ಸೆಮಿಸ್ಟರಿನ ಕೊನೆಯಲ್ಲಿ, ಹಾಜರಾತಿ ಕಡಿಮೆಯಿರುವವರ ಹೆಸರು ಹೊರಬಿದ್ದ ಮೇಲೆ ಅಂಥ ಪಟ್ಟಿ ತೆಗೆದುಕೊಂಡು ಹೋದರೆ ಯಾರೂ ಒಪ್ಪುವುದಿಲ್ಲ.

ಇನ್ನು, ಅವರಿಂದ ನೀವು ನಿರೀಕ್ಷಿಸುವುದೇನು ಎಂಬುದನ್ನು ಲೆಕ್ಕದ ಮೂಲಕವೇ ತೋರಿಸಿರಿ. ಮೊದಲ ವಾರ ಅರ್ಧ ತಾಸು, ಅಂಕವಿಲ್ಲದ ಒಂದು ಪರೀಕ್ಷೆ ಕೊಡಿರಿ. ನಾನು ಪ್ರತಿವರ್ಷ ಎರಡು ಲೆಕ್ಕ ತಪ್ಪದೆ ಕೊಡುತ್ತಿದ್ದೆ. ಮೊದಲನೆಯದು, ಎಕ್ಸ್ ವರ್ಗ ಸಮ 5 ಎಕ್ಸ್. ತರಗತಿಯ ಬಹುಪಾಲು ಮಕ್ಕಳು ಎರಡೂ ಕಡೆ ಎಕ್ಸನ್ನು ಹೊಡೆದುಹಾಕಿ 5 ಎಂದು ಬರೆಯುತ್ತಾರೆ. ಸೊನ್ನೆಯೂ ಒಂದು ಉತ್ತರ ಎಂಬುದು ಆ ಹೊಡೆತದಲ್ಲೇ ಕಳೆದುಹೋಗಿರುತ್ತದೆ, ಏಕೆಂದರೆ ಎಕ್ಸ್ ಸೊನ್ನೆಯಾಗಿದ್ದರೆ ಅದರಿಂದ ಭಾಗಿಸುವಂತಿಲ್ಲ. ಎರಡನೆಯದು, ಎಕ್ಸ್ ಕೂಡಿಸು 6, ಅದರ ವರ್ಗಮೂಲ ಸಮ ಎಕ್ಸ್. ಎರಡೂ ಕಡೆ ವರ್ಗ ಮಾಡಿದರೆ 3 ಮತ್ತು ಋಣ 2 ಬರುತ್ತವೆ. ಋಣ 2ನ್ನು ಮೂಲ ಸಮೀಕರಣದಲ್ಲಿ ಇಟ್ಟರೆ ಎಡಗಡೆ 2, ಬಲಗಡೆ ಋಣ 2. ಅದು ಉತ್ತರವೇ ಅಲ್ಲ. ಒಂದು ಲೆಕ್ಕದಲ್ಲಿ ಇರುವ ಉತ್ತರ ಕಳೆಯಿತು, ಇನ್ನೊಂದರಲ್ಲಿ ಇಲ್ಲದ ಉತ್ತರ ಬಂತು. ಇವೆರಡನ್ನೂ ಅವರು ತಮ್ಮ ಹಾಳೆಯಲ್ಲೇ ಕಂಡ ದಿನ ನನ್ನ ನಿಯಮ ಹೇಳುತ್ತಿದ್ದೆ: ಬಂದ ಉತ್ತರವನ್ನು ಮೂಲ ಸಮೀಕರಣದಲ್ಲಿಟ್ಟು ತಾಳೆ ನೋಡಿ ಬರೆಯದಿದ್ದರೆ 1 ಅಂಕ ಇಲ್ಲ, ಉತ್ತರ ತಪ್ಪಿದ್ದರೂ ಹೆಜ್ಜೆಗಳು ಸರಿಯಿದ್ದಷ್ಟಕ್ಕೆ ಅಂಕ ಇದೆ. ಲೆಕ್ಕ ಕಂಡ ಮೇಲೆ ಬಂದ ನಿಯಮವಾದ್ದರಿಂದ ಅದರ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಶಿರಸಿಯ ಉಪನ್ಯಾಸಕಿ

ಸರ್ ಹೇಳಿದ್ದೆಲ್ಲ ನನಗೂ ಒಪ್ಪಿಗೆ. ನಾನು ಮನೆಗೆಲಸದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಸೆಮಿಸ್ಟರಿನ ಕೊನೆಯ ಭಾಗಕ್ಕೂ ಅಡಿಕೆ ಕೊಯ್ಲಿಗೂ ಘರ್ಷಣೆ. ನವೆಂಬರ್ ಬಂತೆಂದರೆ ತೋಟವಿರುವ ಮನೆಯ ಮಕ್ಕಳೂ, ಕೂಲಿಗೆ ಹೋಗುವ ಮನೆಯ ಮಕ್ಕಳೂ ರಾತ್ರಿ ಬಹಳ ಹೊತ್ತು ಅಡಿಕೆ ಸುಲಿಯಲು ಕುಳಿತಿರುತ್ತಾರೆ. ಬೆಳಿಗ್ಗೆ ಅವರ ಬೆರಳು ನೋಡಿದರೆ ತಿಳಿಯುತ್ತದೆ. ಮೊದಲ ಎರಡು ವರ್ಷ ನಾನು ಪ್ರತಿಯೊಬ್ಬರ ಕಾರಣವನ್ನೂ ಕೇಳಿ, ಇದು ನಿಜ, ಇದು ಸುಳ್ಳು ಎಂದು ತೀರ್ಪು ಕೊಡುತ್ತಿದ್ದೆ. ಅದರಿಂದ ನನ್ನ ಸಮಯವೂ ಹೋಯಿತು, ಮಾತು ಬಲ್ಲವರಿಗೆ ರಿಯಾಯಿತಿ ಸಿಕ್ಕಿತು, ಸಂಕೋಚದವರಿಗೆ ಸಿಗಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಸೆಮಿಸ್ಟರಿಗೆ ಹತ್ತು ಮನೆಗೆಲಸ, ಒಂದೊಂದರಲ್ಲಿ ಐದೇ ಲೆಕ್ಕ. ಸೋಮವಾರ ಕೊಟ್ಟು ಶನಿವಾರ ತೆಗೆದುಕೊಳ್ಳುತ್ತೇನೆ. ಹತ್ತರಲ್ಲಿ ಹೆಚ್ಚು ಅಂಕ ಬಂದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಎರಡು ತಪ್ಪಿದರೆ ಯಾರೂ ನನಗೆ ಕಾರಣ ಹೇಳಬೇಕಾಗಿಲ್ಲ. ಮೂರನೆಯದು ತಪ್ಪಿದರೆ ಅದಕ್ಕೆ ಸೊನ್ನೆ, ಮತ್ತು ಆಗ ನಾನೇ ಕರೆದು ಮಾತಾಡಿಸುತ್ತೇನೆ. ಈ ವ್ಯವಸ್ಥೆ ತಂದ ಮೇಲೆ ಅಂಕದ ವಿಷಯದಲ್ಲಿ ನನ್ನ ಮೇಜಿನ ಮುಂದೆ ಸಾಲು ನಿಲ್ಲುವುದು ನಿಂತುಹೋಯಿತು.

ಅಂಕೋಲಾ ತಾಲೂಕಿನ ಹಳೆಯ ವಿದ್ಯಾರ್ಥಿನಿ

ಮೇಡಂ, ನಾನು ಅಧ್ಯಾಪಕಿಯಲ್ಲ. 2019ರಲ್ಲಿ ಇದೇ ವಿಷಯವನ್ನು ಮೊದಲ ಸೆಮಿಸ್ಟರಿನಲ್ಲಿ ಓದಿದವಳು, ಕೊಠಡಿಯ ಆ ಬದಿಯಿಂದ ಎರಡು ಮಾತು ಹೇಳುತ್ತೇನೆ.

ನಮಗೆ ಎಲ್ಲ ಮನೆಗೆಲಸವನ್ನೂ ಒಂದೇ ಪುಸ್ತಕದಲ್ಲಿ ಬರೆದು ಸೆಮಿಸ್ಟರಿನ ಕೊನೆಗೆ ಒಪ್ಪಿಸಲು ಹೇಳಿದ್ದರು. ಆ ಆಗಸ್ಟಿನಲ್ಲಿ ಗಂಗಾವಳಿ ನದಿಗೆ ನೆರೆ ಬಂದಾಗ ನಮ್ಮ ಮನೆಯೊಳಗೆ ನೀರು ನುಗ್ಗಿ, ಅಕ್ಕಿ, ಹಾಸಿಗೆಗಳ ಜತೆ ಆ ಪುಸ್ತಕವೂ ಹೋಯಿತು. ನಾನು ಬಿಡಿಸಿದ್ದೆ ಎಂಬುದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಕೊನೆಯಲ್ಲಿ ಅಂಕ ಸಿಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ನನ್ನನ್ನು ನೋಡಿದ್ದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ದಯವಿಟ್ಟು ಬಿಡಿ ಹಾಳೆಗಳಲ್ಲಿ ವಾರವಾರ ತೆಗೆದುಕೊಳ್ಳಿರಿ, ಅಂಕವನ್ನು ನಿಮ್ಮ ವಹಿಯಲ್ಲಿ ಅಂದೇ ಬರೆದುಕೊಳ್ಳಿರಿ.

ಇನ್ನೊಂದು ಮಾತು ಭಾಷೆಯದು. ಎಕ್ಸ್ ಕೂಡಿಸು ವೈ ಸಮ 2, ಮತ್ತು 2 ಎಕ್ಸ್ ಕೂಡಿಸು 2 ವೈ ಸಮ 5 ಎಂದು ಕೊಟ್ಟರೆ, ಮೊದಲನೆಯದನ್ನು ಇಮ್ಮಡಿ ಮಾಡಿದರೆ ಬಲಗಡೆ 4 ಬರಬೇಕಿತ್ತು, ಇಲ್ಲಿ 5 ಇದೆ, ಆದ್ದರಿಂದ ಉತ್ತರವೇ ಇಲ್ಲ ಎಂದು ನಾನು ಬಾಯಲ್ಲೇ ಹೇಳಬಲ್ಲವಳಾಗಿದ್ದೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ 'ಕನ್ಸಿಸ್ಟೆನ್ಸಿ' ಪರೀಕ್ಷಿಸಿರಿ ಎಂದಿದ್ದಾಗ, ಅದು ಇದನ್ನೇ ಕೇಳುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಮ್ಯಾಟ್ರಿಕ್ಸಿನ ರ‍್ಯಾಂಕ್ (ಸಮೀಕರಣಗಳ ಸಂಖ್ಯೆಗಳನ್ನು ಸಾಲುಸಾಲಾಗಿ ಬರೆದ ಪಟ್ಟಿಯಲ್ಲಿ, ಬೇರೆ ಸಾಲುಗಳಿಂದ ಬರುವವನ್ನು ಬಿಟ್ಟು ಉಳಿಯುವ ಸಾಲುಗಳ ಎಣಿಕೆ) ಕಂಡುಹಿಡಿದು, ಬಲಗಡೆಯ ಸಂಖ್ಯೆಗಳನ್ನು ಸೇರಿಸಿದ ಮ್ಯಾಟ್ರಿಕ್ಸಿನ ರ‍್ಯಾಂಕಿನೊಂದಿಗೆ ಹೋಲಿಸುವುದನ್ನು ಕಂಠಪಾಠ ಮಾಡಿದ್ದೆ. ಎರಡೂ ಒಂದೇ ಆದರೆ ಉತ್ತರ ಇದೆ, ಬೇರೆಯಾದರೆ ಇಲ್ಲ ಎಂಬ ಸರಳ ಅರ್ಥವನ್ನು ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ಪ್ರತಿ ಹೊಸ ಪದವನ್ನೂ ಎರಡೂ ಭಾಷೆಯಲ್ಲಿ ಹೇಳುತ್ತೇನೆ, ತರಗತಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಬಹುದು ಎಂಬುದನ್ನು ನಿಮ್ಮ ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ. ನಾಲ್ಕು ತಿಂಗಳು ನಾನು ಬಾಯಿ ತೆರೆಯದೆ ಕುಳಿತದ್ದು ಗಣಿತ ಬಾರದೆ ಅಲ್ಲ.

ಹಾಗೆಯೇ ಸಂದೇಹ ಕೇಳಲು ತರಗತಿ ಮುಗಿದ ಮೇಲೆ ಬನ್ನಿ ಎನ್ನಬೇಡಿರಿ. ಸಂಜೆಯ ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲೆಯಾಗುತ್ತದೆ, ಹೆಣ್ಣುಮಕ್ಕಳನ್ನು ಮನೆಯವರು ಮರುದಿನ ಕಳಿಸುವುದೇ ಅನುಮಾನ. ಮಧ್ಯಾಹ್ನದ ಬಿಡುವಿನಲ್ಲಿ ವಾರಕ್ಕೆ ಎರಡು ದಿನ ಎಂದು ನಿಗದಿಮಾಡಿರಿ.

ಹೊನ್ನಾವರದ ಉಪನ್ಯಾಸಕರು

ಮೊಬೈಲ್ ಬಗ್ಗೆ ಸಂಕ್ಷಿಪ್ತವಾಗಿ. ಲೆಕ್ಕದ ಮೇಲೆ ಕ್ಯಾಮೆರಾ ಹಿಡಿದರೆ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸುವ ಆ್ಯಪ್‌ಗಳು ಎಲ್ಲರ ಕೈಯಲ್ಲೂ ಇವೆ. ಮನೆಯಲ್ಲಿ ಅದನ್ನು ನಿಷೇಧಿಸುವ ನಿಯಮವನ್ನು ನಾವು ಜಾರಿಗೆ ತರಲಾರೆವು, ಜಾರಿಗೆ ತರಲಾಗದ ನಿಯಮ ಹಾಳೆಯಲ್ಲಿದ್ದರೆ ಉಳಿದವುಗಳ ತೂಕವೂ ಇಳಿಯುತ್ತದೆ. ನಾನು ಪ್ರತಿ ಶನಿವಾರ ನಾಲ್ಕು ಜನರನ್ನು ಕರೆದು, ಅವರದೇ ಹಾಳೆಯ ಒಂದು ಹೆಜ್ಜೆಯನ್ನು ತೋರಿಸಿ, ಇದು ಹೇಗೆ ಬಂತು ಎಂದು ಹಲಗೆಯ ಮೇಲೆ ವಿವರಿಸಲು ಹೇಳುತ್ತೇನೆ. ವಿವರಿಸಲಾಗದ ಲೆಕ್ಕಕ್ಕೆ ಅಂಕವಿಲ್ಲ, ಆದರೆ ಬೈಗುಳವೂ ಇಲ್ಲ. ಮುಂದಿನ ವಾರ ಅದೇ ಲೆಕ್ಕವನ್ನು ಮತ್ತೆ ಬಿಡಿಸಿ ತರಬಹುದು. ನಕಲು ಮಾಡಿದವರನ್ನು ಎಲ್ಲರೆದುರು ಅವಮಾನಿಸಿದರೆ ಅವರು ಶನಿವಾರ ಬರುವುದನ್ನೇ ಬಿಡುತ್ತಾರೆ.

ಕಿರುಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬೇಡವೆಂದೇ ಹೇಳಿರಿ, ಆದರೆ ಆಗ ನೀವೂ ಸಣ್ಣ ಪೂರ್ಣಾಂಕಗಳ ಲೆಕ್ಕವನ್ನೇ ಕೊಡಬೇಕು. ಸಾಲು ಕಳೆಯುವಾಗ ಪ್ರತಿ ಹೆಜ್ಜೆಗೂ ಭಿನ್ನರಾಶಿ ಬರುವಂಥ ಮ್ಯಾಟ್ರಿಕ್ಸ್ ಕೊಟ್ಟು ಕ್ಯಾಲ್ಕುಲೇಟರ್ ಬೇಡ ಎನ್ನುವುದು ನ್ಯಾಯವಲ್ಲ.

ಕೇಳಿದವರು: ಕಾರವಾರದ ಅತಿಥಿ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಹಾಳೆಯನ್ನು ಬರೆದೆ. ಹಾಜರಾತಿಯನ್ನು ತಾಸಿನ ಲೆಕ್ಕದಲ್ಲಿ ಬರೆದಿದ್ದೇನೆ, ಹತ್ತರಲ್ಲಿ ಎಂಟರ ವ್ಯವಸ್ಥೆಯನ್ನು ಹಾಗೆಯೇ ತೆಗೆದುಕೊಂಡಿದ್ದೇನೆ, ಕನ್ನಡದಲ್ಲಿ ಪ್ರಶ್ನೆ ಕೇಳಬಹುದೆಂಬುದು ಮೊದಲ ಸಾಲಿನಲ್ಲಿದೆ, ಬಿಡಿ ಹಾಳೆಗಳ ಮಾತನ್ನೂ ಸೇರಿಸಿದ್ದೇನೆ. ತಪ್ಪಿದ ಕಿರುಪರೀಕ್ಷೆಯ ಬಗ್ಗೆ ಹೀಗೆ ಬರೆದಿದ್ದೇನೆ: "ಸಕಾರಣವಾಗಿ ಗೈರುಹಾಜರಾದವರಿಗೆ ಮರುಪರೀಕ್ಷೆ ಇರುತ್ತದೆ." ಇದು ಸರಿಯೇ?

ಕುಮಟಾದ ನಿವೃತ್ತ ಗಣಿತ ಪ್ರಾಧ್ಯಾಪಕರು

'ಸಕಾರಣ' ಎಂಬ ಪದವನ್ನು ತೆಗೆಯಿರಿ ಮೇಡಂ. ಆ ಪದ ಅಲ್ಲಿದ್ದರೆ ಶಿರಸಿಯ ಮೇಡಂ ಬಿಟ್ಟುಬಂದ ತೀರ್ಪಿನ ಕೆಲಸ ಮತ್ತೆ ನಿಮ್ಮ ತಲೆಗೆ ಬರುತ್ತದೆ. ಆಗಸ್ಟ್ 1ಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ಮೇಲೆ, ಬೆಳಗಿನ ಜಾವ ಬಂದರಿನಲ್ಲಿ ತಂದೆತಾಯಿಗೆ ನೆರವಾಗಿ ತರಗತಿಗೆ ತಡವಾಗಿ ಬರುವ ಮಕ್ಕಳು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರು ಕಾರಣ ಹೇಳುವುದಕ್ಕಿಂತ ಅಂಕ ಬಿಡುವುದೇ ಲೇಸೆಂದುಕೊಳ್ಳುತ್ತಾರೆ. ಹೀಗೆ ಬರೆಯಿರಿ: "ಯಾವುದಾದರೂ ಒಂದು ಕಿರುಪರೀಕ್ಷೆ ತಪ್ಪಿದವರು, ಕಾರಣ ಹೇಳದೆಯೇ, ನಿಗದಿತ ಶನಿವಾರ ಒಂದು ಮರುಪರೀಕ್ಷೆ ಬರೆಯಬಹುದು." ಆ ಶನಿವಾರದ ತಾರೀಖನ್ನು ಹಾಳೆಯಲ್ಲೇ ನಮೂದಿಸಿರಿ, ಮರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೊದಲನೆಯದರ ಜತೆಗೇ ಈಗಲೇ ತಯಾರಿಸಿಡಿರಿ, ಅನಂತರ ಅವಸರದಲ್ಲಿ ಬರೆದದ್ದು ಯಾವಾಗಲೂ ಒಂದೋ ಹೆಚ್ಚು ಕಠಿಣವಾಗುತ್ತದೆ, ಇಲ್ಲವೇ ಹೆಚ್ಚು ಸುಲಭವಾಗುತ್ತದೆ.